ನಿಮ್ಮ ಜಮೀನು, ಊರಿನ ವೋಟು: ಭೂ ಬಳಕೆ ಬದಲಾವಣೆಗೆ ಜನಮತ ಬೇಕು ಅಂದರೆ ಏನರ್ಥ?

ಹೊಲವಿದ್ದ ಕಡೆ ಲೇಔಟ್ ಬರುತ್ತದೆ. ಸಣ್ಣ ಮನೆಗಳ ಬೀದಿಯಲ್ಲಿ ಇಪ್ಪತ್ತು ಅಂತಸ್ತಿನ ಕಟ್ಟಡಕ್ಕೆ ಅನುಮತಿ ಸಿಗುತ್ತದೆ. ಅಕ್ಕಪಕ್ಕದವರಿಗೆ ಸುದ್ದಿ ತಿಳಿಯುವ ಹೊತ್ತಿಗೆ ಪಾಯ ತೋಡುವ ಕೆಲಸ ಶುರುವಾಗಿರುತ್ತದೆ. ‘ನಮ್ಮನ್ನು ಒಂದು ಮಾತೂ ಕೇಳಲಿಲ್ಲವಲ್ಲ’ ಎಂಬ ಸಿಟ್ಟು ಏಳುವುದು ಆಗ. ಈ ಸಿಟ್ಟಿನಿಂದಲೇ ಹಲವು ಕಡೆ ಒಂದು ಬೇಡಿಕೆ ಹುಟ್ಟಿದೆ: ಜಮೀನಿನ ಬಳಕೆ ಬದಲಿಸುವ ಮುಂಚೆ ಊರಿನವರ ಮತ ಪಡೆಯುವುದು ಕಡ್ಡಾಯವಾಗಲಿ.

ಜಮೀನಿನ ಮಾಲೀಕರ ಪ್ರಶ್ನೆಯೂ ಅಷ್ಟೇ ನೇರವಾಗಿದೆ. ‘ದುಡ್ಡು ಕೊಟ್ಟು ಕೊಂಡವನು ನಾನು, ತೆರಿಗೆ ಕಟ್ಟುವವನು ನಾನು. ಇಲ್ಲಿ ಏನು ಕಟ್ಟಬೇಕು ಅಂತ ಊರೆಲ್ಲ ವೋಟು ಹಾಕುವುದು ಯಾವ ನ್ಯಾಯ?’

ಎರಡೂ ಮಾತಿನಲ್ಲಿ ಹುರುಳಿದೆ. ಅದಕ್ಕೇ ಈ ವಿಷಯ ನ್ಯಾಯಾಲಯಗಳಲ್ಲಿ ನೂರು ವರ್ಷದಿಂದ ಜಗ್ಗಾಡುತ್ತಿದೆ. ಬುಡದಿಂದ ನೋಡೋಣ.

ಒಡೆತನ ಬೇರೆ, ಬಳಕೆ ಬೇರೆ

ಜಮೀನು ನಿಮ್ಮ ಹೆಸರಿನಲ್ಲಿದೆ ಅಂದರೆ ಅದನ್ನು ಮಾರಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು, ಬಾಡಿಗೆಗೆ ಕೊಡಬಹುದು, ಹೊರಗಿನವರು ಒಳಗೆ ಕಾಲಿಡದಂತೆ ತಡೆಯಬಹುದು. ಆದರೆ ಅಲ್ಲಿ ಏನು ಮಾಡಬಹುದು ಎಂಬುದು ಇನ್ನೊಂದು ಕಾಗದದಲ್ಲಿ ಬರೆದಿರುತ್ತದೆ. ಅದೇ ಊರಿನ ಮಾಸ್ಟರ್ ಪ್ಲಾನ್. ಊರನ್ನು ವಲಯಗಳಾಗಿ ಹಂಚಿ, ಇಲ್ಲಿ ವಾಸ, ಇಲ್ಲಿ ವ್ಯಾಪಾರ, ಇಲ್ಲಿ ಕಾರ್ಖಾನೆ, ಇಲ್ಲಿ ಕೃಷಿ ಅಂತ ಅದು ನಕ್ಷೆಯಲ್ಲಿ ಬೇರೆ ಬೇರೆ ಬಣ್ಣದಿಂದ ಗುರುತು ಹಾಕುತ್ತದೆ. ಎಷ್ಟು ಎತ್ತರ ಕಟ್ಟಬಹುದು, ರಸ್ತೆಯಿಂದ ಎಷ್ಟು ಜಾಗ ಬಿಡಬೇಕು ಎಂಬುದೂ ಅದರಲ್ಲೇ ಬರುತ್ತದೆ. ನಿಮ್ಮ ಜಮೀನು ಕೃಷಿ ವಲಯದಲ್ಲಿದ್ದರೆ ಅದು ನಿಮ್ಮದೇ. ಆದರೂ ಅಲ್ಲಿ ಮಾಲ್ ಕಟ್ಟುವಂತಿಲ್ಲ.

ಸರ್ಕಾರಕ್ಕೆ ಹೀಗೆ ಗೆರೆ ಎಳೆಯುವ ಅಧಿಕಾರ ಇದೆಯೇ? ಈ ಪ್ರಶ್ನೆಗೆ ದೊಡ್ಡ ಉತ್ತರ ಬಂದದ್ದು 1926ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟಿನಿಂದ. ಒಹಾಯೊ ರಾಜ್ಯದ ಯೂಕ್ಲಿಡ್ ಎಂಬ ಸಣ್ಣ ಊರು ತನ್ನ ನೆಲವನ್ನೆಲ್ಲ ವಲಯಗಳಾಗಿ ಹಂಚಿತ್ತು. ಆ್ಯಂಬ್ಲರ್ ಎಂಬ ರಿಯಲ್ ಎಸ್ಟೇಟ್ ಕಂಪನಿಗೆ ಅಲ್ಲಿ 68 ಎಕರೆ ಇತ್ತು. ಕಾರ್ಖಾನೆಗೆ ಮಾರಿದರೆ ಎಕರೆಗೆ 10,000 ಡಾಲರ್ ಬರುತ್ತಿತ್ತು, ಮನೆಗಳಿಗೆ ಮಾತ್ರ ಅಂದದ್ದರಿಂದ ಬೆಲೆ 2,500ಕ್ಕೆ ಇಳಿಯಿತು ಎಂದು ಕಂಪನಿ ವಾದಿಸಿತು. ಕೋರ್ಟು ಊರಿನ ಪರ ನಿಂತಿತು. ಜನರ ಆರೋಗ್ಯ, ಸುರಕ್ಷತೆ, ನೆಮ್ಮದಿಗಾಗಿ ನೆಲದ ಬಳಕೆಗೆ ಮಿತಿ ಹಾಕಬಹುದು, ಬೆಲೆ ಇಳಿದ ಮಾತ್ರಕ್ಕೆ ಆ ಮಿತಿ ಅನ್ಯಾಯವಾಗುವುದಿಲ್ಲ ಅಂತ ತೀರ್ಪು ಬಂತು.

ಆ ಎರಡು ಬೆಲೆಗಳನ್ನು ನೆನಪಿಟ್ಟುಕೊಳ್ಳಿ. ಮಣ್ಣು ಅದೇ, ಮಾಲೀಕರೂ ಅವರೇ. ನಕ್ಷೆಯ ಮೇಲಿನ ಬಣ್ಣ ಬದಲಾದರೆ ಬೆಲೆ ನಾಲ್ಕು ಪಟ್ಟು ಏರುತ್ತದೆ ಅಥವಾ ಕಾಲು ಭಾಗಕ್ಕೆ ಕುಸಿಯುತ್ತದೆ. ಭೂ ಬಳಕೆಯ ಜಗಳವೆಲ್ಲ ಇದರ ಸುತ್ತಲೇ ತಿರುಗುತ್ತದೆ.

ಬಣ್ಣ ಬದಲಿಸುವವರು ಯಾರು?

ಸಾಮಾನ್ಯವಾಗಿ ಮಾಲೀಕರು ಅರ್ಜಿ ಹಾಕುತ್ತಾರೆ. ಪ್ರಕಟಣೆ ಹೊರಡುತ್ತದೆ, ಆಕ್ಷೇಪಣೆಗೆ ಒಂದಷ್ಟು ದಿನ ಕೊಡುತ್ತಾರೆ. ಯೋಜನಾ ಇಲಾಖೆಯವರು ರಸ್ತೆ, ನೀರು, ಒಳಚರಂಡಿ ಎಲ್ಲ ನೋಡಿ ವರದಿ ಬರೆಯುತ್ತಾರೆ. ಕೊನೆಗೆ ಚುನಾಯಿತ ಸಭೆಯೋ ಸರ್ಕಾರವೋ ತೀರ್ಮಾನ ಮಾಡುತ್ತದೆ.

ಕಾಗದದ ಮೇಲೆ ಚೆನ್ನಾಗಿಯೇ ಇದೆ, ಅಲ್ವಾ? ತೊಂದರೆ ಏನೆಂದರೆ, ಪ್ರಕಟಣೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆಕ್ಷೇಪಣೆ ಬರೆದುಕೊಟ್ಟರೂ ಅದಕ್ಕೆ ಏನಾಯಿತು ಅಂತ ಗೊತ್ತಾಗುವುದಿಲ್ಲ. ಒಂದು ಸಹಿಯಿಂದ ಜಮೀನಿನ ಬೆಲೆ ಹಲವು ಪಟ್ಟು ಏರುವಾಗ, ಸಹಿ ಹಾಕುವ ಕೆಲವೇ ಜನರ ಮೇಲೆ ಒತ್ತಡವೂ ಆಮಿಷವೂ ಬರುತ್ತವೆ. ಆ ಕೆಲವರ ಬದಲು ಇಡೀ ಊರನ್ನೇ ಕೇಳಿ ಎನ್ನುವವರ ಮುಖ್ಯ ವಾದ ಇದೇ. ಹತ್ತು ಸದಸ್ಯರನ್ನು ಒಲಿಸಿಕೊಳ್ಳಬಹುದು, ಹತ್ತು ಸಾವಿರ ಮತದಾರರನ್ನು ಒಲಿಸಿಕೊಳ್ಳುವುದು ಕಷ್ಟ.

ಮತ ಕೇಳುವ ರೀತಿ ಒಂದೇ ಅಲ್ಲ. ಸಭೆ ತೀರ್ಮಾನಿಸಿದ ಮೇಲೆ ಸಾಕಷ್ಟು ಜನ ಸಹಿ ಸಂಗ್ರಹಿಸಿ ಕೊಟ್ಟರೆ ಮಾತ್ರ ಮತದಾನ ನಡೆಯುವುದು ಒಂದು ರೀತಿ. ಯಾರೂ ಕೇಳದಿದ್ದರೂ ಪ್ರತಿ ಬದಲಾವಣೆಯೂ ಮತಕ್ಕೆ ಹೋಗಲೇಬೇಕು ಎನ್ನುವುದು ಇನ್ನೊಂದು. ಹೆಚ್ಚು ಗದ್ದಲ ಆಗುವುದು ಈ ಎರಡನೆಯದರ ಬಗ್ಗೆ.

ಈಸ್ಟ್‌ಲೇಕ್‌ನಲ್ಲಿ ಏನಾಯಿತು

ಇದೂ ಒಹಾಯೊದ ಊರೇ. ಪ್ರತಿ ಭೂ ಬಳಕೆ ಬದಲಾವಣೆಗೂ ಮತದಾನ ಆಗಬೇಕು, ಅದರಲ್ಲಿ ಶೇ 55ರಷ್ಟು ಒಪ್ಪಿಗೆ ಬೇಕು ಅಂತ ಈಸ್ಟ್‌ಲೇಕ್ ತನ್ನ ನಗರ ಸನ್ನದಿಗೆ, ಅಂದರೆ ಊರಿನ ಆಡಳಿತದ ಮೂಲ ನಿಯಮಾವಳಿಗೆ, ತಿದ್ದುಪಡಿ ಮಾಡಿಕೊಂಡಿತ್ತು. ಅಲ್ಲಿ ಸಣ್ಣ ಕೈಗಾರಿಕೆಗೆ ಮೀಸಲಾಗಿದ್ದ ಎಂಟು ಎಕರೆಯಲ್ಲಿ ಎತ್ತರದ ಅಪಾರ್ಟ್‌ಮೆಂಟ್ ಕಟ್ಟಲು ಒಂದು ಕಂಪನಿ ಆ ತಿದ್ದುಪಡಿಗೂ ಮುಂಚೆಯೇ ಅರ್ಜಿ ಹಾಕಿತ್ತು. ಯೋಜನಾ ಆಯೋಗ ಸೈ ಅಂದಿತು, ನಗರ ಸಭೆಯೂ ಸೈ ಅಂದಿತು. ಮತದಾನದಲ್ಲಿ ಮಾತ್ರ ಶೇ 55 ಸಿಗಲಿಲ್ಲ. ಯೋಜನೆ ಅಲ್ಲಿಗೇ ನಿಂತಿತು.

ಕಂಪನಿ ಕೋರ್ಟಿಗೆ ಹೋಯಿತು. ಜನಪ್ರತಿನಿಧಿಗಳ ಕೆಲಸವನ್ನು ಯಾವ ಮಾನದಂಡವೂ ಇಲ್ಲದೆ ಜನರ ಕೈಗೆ ದಾಟಿಸಿದ್ದು ತಪ್ಪು ಅಂತ ಒಹಾಯೊದ ಸುಪ್ರೀಂ ಕೋರ್ಟು ಒಪ್ಪಿತು. ಆದರೆ 1976ರಲ್ಲಿ ದೇಶದ ಸುಪ್ರೀಂ ಕೋರ್ಟು ಈ ತೀರ್ಪನ್ನು ಆರು-ಮೂರರ ಬಹುಮತದಲ್ಲಿ ತಿರುಗಿಸಿತು. ಅಧಿಕಾರ ಮೊದಲಿಗೆ ಇರುವುದೇ ಜನರಲ್ಲಿ. ಒಂದಷ್ಟನ್ನು ತಮ್ಮಲ್ಲೇ ಉಳಿಸಿಕೊಂಡರೆ ಅದನ್ನು ಬೇರೆಯವರಿಗೆ ದಾಟಿಸಿದ ಹಾಗೆ ಹೇಗಾಗುತ್ತದೆ? ಬಹುಮತದ ತೀರ್ಪಿನ ಸಾರ ಇದು.

ಒಪ್ಪದ ನ್ಯಾಯಮೂರ್ತಿಗಳು ಎತ್ತಿದ ಪ್ರಶ್ನೆಯನ್ನು ಸುಮ್ನೆ ಪಕ್ಕಕ್ಕೆ ತಳ್ಳುವ ಹಾಗಿಲ್ಲ. ಇಡೀ ಊರಿಗೆ ಅನ್ವಯಿಸುವ ನಿಯಮಕ್ಕೆ ಮತ ಕೇಳುವುದು ಒಂದು ವಿಷಯ. ಒಬ್ಬರ ಒಂದು ತುಂಡು ಜಮೀನಿನ ಹಣೆಬರಹಕ್ಕೆ ಮತ ಕೇಳುವುದು ಬೇರೆಯೇ ವಿಷಯ. ಎರಡನೆಯದರಲ್ಲಿ ಆ ವ್ಯಕ್ತಿಗೆ ತನ್ನ ಮಾತು ಹೇಳಿಕೊಳ್ಳುವ, ಕಾರಣ ಕೇಳುವ ಅವಕಾಶ ಇರಬೇಡವೇ? ಮತಪೆಟ್ಟಿಗೆಯಿಂದ ಹೌದು ಅಥವಾ ಇಲ್ಲ ಬರುತ್ತದೆ. ಕಾರಣ ಬರುವುದಿಲ್ಲ.

ಕ್ರಿಕೆಟ್ಟಿನಲ್ಲಿ ಎಲ್‌ಬಿಡಬ್ಲ್ಯು ನಿಯಮ ಹೇಗಿರಬೇಕು ಅಂತ ಎಲ್ಲ ತಂಡಗಳೂ ಕೂತು ಮತ ಹಾಕಿದರೆ ಯಾರೂ ತಕರಾರು ಮಾಡುವುದಿಲ್ಲ. ಮೈದಾನದಲ್ಲಿ ನಿಂತಿರುವ ಈ ಬ್ಯಾಟ್ಸ್‌ಮನ್ ಔಟಾ ಅಲ್ಲವಾ ಅಂತ ಪ್ರೇಕ್ಷಕರಿಂದ ಮತ ಹಾಕಿಸಿದರೆ? ಭೂ ಬಳಕೆಯ ಮತದಾನ ಇವೆರಡರಲ್ಲಿ ಯಾವುದು ಎಂಬುದನ್ನು ಪ್ರತಿ ಸಲ ಕೇಳಬೇಕು. ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ ಇರುವುದು ಇಲ್ಲೇ. ಜನ ತೀರ್ಮಾನಿಸಬೇಕೇ ಬೇಡವೇ ಎನ್ನುವುದಕ್ಕಿಂತ, ಏನನ್ನು, ಯಾವ ಹಂತದಲ್ಲಿ, ಯಾವ ಜನ ಎನ್ನುವುದೇ ಜಾಸ್ತಿ ಮುಖ್ಯ.

ಪಕ್ಕದ ಮನೆಯವರು ಬೇಡ ಅಂದರೆ?

ಊರೆಲ್ಲ ಯಾಕೆ, ತೊಂದರೆ ಅನುಭವಿಸುವ ಅಕ್ಕಪಕ್ಕದವರನ್ನು ಮಾತ್ರ ಕೇಳಿದರೆ ಸಾಕಲ್ಲ ಅನ್ನಿಸಬಹುದು. ಸಿಯಾಟಲ್ ನಗರ ಹೀಗೇ ಮಾಡಿತ್ತು. ಅಲ್ಲಿ ಬಡ ವೃದ್ಧರಿಗಾಗಿ ಒಂದು ಆಶ್ರಯಮನೆ ಕಟ್ಟಬೇಕಾದರೆ 400 ಅಡಿಯೊಳಗಿನ ಆಸ್ತಿಯಲ್ಲಿ ಮೂರನೇ ಎರಡು ಭಾಗದ ಮಾಲೀಕರು ಲಿಖಿತ ಒಪ್ಪಿಗೆ ಕೊಡಬೇಕಿತ್ತು. 1928ರಲ್ಲಿ ಸುಪ್ರೀಂ ಕೋರ್ಟು ಈ ಷರತ್ತನ್ನು ಹೊಡೆದುಹಾಕಿತು. ನೆರೆಯವರು ಸ್ವಾರ್ಥಕ್ಕೋ ಮನಸ್ಸಿಗೆ ತೋಚಿದ ಹಾಗೋ ಬೇಡ ಅನ್ನಬಹುದು, ಅದನ್ನು ಮರುಪರಿಶೀಲಿಸುವವರೇ ಇಲ್ಲ ಎಂಬುದು ಕಾರಣ.

ಅಂದರೆ ಅಮೆರಿಕದ ಕಾನೂನಿನಲ್ಲಿ ಹತ್ತು ನೆರೆಮನೆಯವರ ಕೈಗೆ ಹೀಗೆ ಲಂಗುಲಗಾಮಿಲ್ಲದ ಅಧಿಕಾರ ಕೊಡುವಂತಿಲ್ಲ, ಹತ್ತು ಸಾವಿರ ಮತದಾರರ ಕೈಗೆ ಕೊಡಬಹುದು. ಮೊದಲ ನೋಟಕ್ಕೆ ವಿಚಿತ್ರ ಅನ್ನಿಸುತ್ತದೆ. ಇಡೀ ಊರು ಸೇರಿದಾಗ ಅದು ಶಾಸನ ಮಾಡುವ ಜನರ ಅಧಿಕಾರ, ಬೀದಿಯ ಕೆಲವರು ಸೇರಿದಾಗ ಅದು ಖಾಸಗಿಯವರ ಹಿತ. ಕೋರ್ಟುಗಳು ಗೆರೆ ಎಳೆದದ್ದು ಹೀಗೆ.

ಬೆಲೆ ಇಳಿದರೆ ನಷ್ಟ ತುಂಬುವವರು ಯಾರು?

ಸರ್ಕಾರ ಜಮೀನನ್ನೇ ತೆಗೆದುಕೊಂಡರೆ ಅದು ಭೂಸ್ವಾಧೀನ, ಪರಿಹಾರ ಕೊಡಬೇಕು. ಬಳಕೆಗೆ ಮಿತಿ ಹಾಕಿದರೆ ಜಮೀನು ನಿಮ್ಮಲ್ಲೇ ಉಳಿಯುತ್ತದೆ, ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ. ಇವೆರಡರ ನಡುವೆ ಒಂದು ಮಸುಕು ಜಾಗವಿದೆ. ಮಿತಿ ಅತಿಯಾದರೆ ಜಮೀನು ಕಿತ್ತುಕೊಂಡದ್ದಕ್ಕೆ ಸಮ ಅಂತ ಅಮೆರಿಕದ ಸುಪ್ರೀಂ ಕೋರ್ಟು 1922ರಲ್ಲಿ, ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಯೊಂದರ ಮೊಕದ್ದಮೆಯಲ್ಲಿ ಹೇಳಿತು. ಎಷ್ಟಾದರೆ ಅತಿ? ಅದನ್ನು ಪ್ರಕರಣ ನೋಡಿಯೇ ತೀರ್ಮಾನಿಸಬೇಕಾಗಿದೆ.

ಓರೆಗಾನ್ ರಾಜ್ಯದ ಮತದಾರರು ಈ ಪ್ರಶ್ನೆಗೆ ಎರಡು ಸಲ, ಎರಡು ಬೇರೆ ಉತ್ತರ ಕೊಟ್ಟಿದ್ದಾರೆ. ಆ ರಾಜ್ಯ 1973ರಿಂದಲೇ ಕೃಷಿ ಭೂಮಿ ಮತ್ತು ಕಾಡನ್ನು ಬಿಗಿ ನಿಯಮಗಳಿಂದ ಕಾಪಾಡಿಕೊಂಡು ಬಂದಿತ್ತು. ಹಳೆಯ ಮಾಲೀಕರಿಗೆ ಇದು ಸಂಕಟ. ಕೊಂಡಾಗ ಇಲ್ಲದ ನಿಯಮ ಆಮೇಲೆ ಬಂದು, ಮಕ್ಕಳಿಗೊಂದು ಮನೆ ಕಟ್ಟಲೂ ಆಗದ ಸ್ಥಿತಿ. 2004ರಲ್ಲಿ ‘ಮೆಷರ್ 37’ ಎಂಬ ಪ್ರಸ್ತಾಪ ಮತಕ್ಕೆ ಬಂತು. ನಾನು ಜಮೀನು ಕೊಂಡ ಮೇಲೆ ಬಂದ ನಿಯಮದಿಂದ ಬೆಲೆ ಇಳಿದಿದ್ದರೆ ಸರ್ಕಾರ ನಷ್ಟ ತುಂಬಿಕೊಡಲಿ, ಇಲ್ಲವೇ ನನ್ನ ಮಟ್ಟಿಗೆ ಆ ನಿಯಮ ಕೈಬಿಡಲಿ ಎಂಬುದು ಅದರ ತಿರುಳು. ಸುಮಾರು ಶೇ 61 ಜನ ಹೌದು ಅಂದರು. ಕೇಳಿದರೆ ಯಾರಿಗಾದರೂ ನ್ಯಾಯವೇ ಅನ್ನಿಸುವ ಮಾತು ಅದು.

ಆಮೇಲೆ ಅರ್ಜಿಗಳು ಬಂದು ಬಿದ್ದವು, ಆರು ಸಾವಿರಕ್ಕೂ ಜಾಸ್ತಿ. ನಷ್ಟ ತುಂಬಲು ಸ್ಥಳೀಯ ಆಡಳಿತಗಳ ಬಳಿ ಹಣವಿಲ್ಲ. ಹಾಗಾಗಿ ನಿಯಮವನ್ನೇ ಕೈಬಿಡುತ್ತಾ ಹೋದವು. ಕೆಲವರು ಒಂದು ಮನೆ ಕೇಳಿದರು, ಕೆಲವರು ಹೊಲಗಳ ನಡುವೆ ದೊಡ್ಡ ಬಡಾವಣೆಗಳನ್ನೇ ಕೇಳಿದರು. ಪಕ್ಕದ ಹೊಲದವರು ಕಂಗಾಲಾದರು. ಅವರಿಗೂ ಆಸ್ತಿಯ ಹಕ್ಕಿದೆ, ಪಕ್ಕದಲ್ಲಿ ಹೊಲವೇ ಇರುತ್ತದೆ ಎಂಬ ನಂಬಿಕೆಯ ಮೇಲೆ ಅವರೂ ದುಡ್ಡು ಹಾಕಿದ್ದಾರೆ. 2007ರಲ್ಲಿ ‘ಮೆಷರ್ 49’ ಬಂತು. ಹಳೆಯ ಮಾಲೀಕರು ಕೆಲವು ಮನೆ ಕಟ್ಟಿಕೊಳ್ಳಲಿ, ದೊಡ್ಡ ಬಡಾವಣೆ, ವ್ಯಾಪಾರ, ಕಾರ್ಖಾನೆ ಬೇಡ ಅಂದಿತು. ಸುಮಾರು ಶೇ 62 ಜನ ಇದಕ್ಕೂ ಹೌದು ಅಂದರು. ಮೂರೇ ವರ್ಷದಲ್ಲಿ ಜನ ಮನಸ್ಸು ಬದಲಿಸಿದರು ಅಂತ ಇದನ್ನು ಹಗುರವಾಗಿ ನೋಡಬೇಕಿಲ್ಲ. ಮತಪತ್ರದ ಮೇಲೆ ಎರಡು ಸಾಲಾಗಿದ್ದ ನಿಯಮ ನೆಲದ ಮೇಲೆ ಹೇಗಿರುತ್ತದೆ ಅಂತ ಅಷ್ಟರಲ್ಲಿ ಅವರು ಕಣ್ಣಾರೆ ಕಂಡಿದ್ದರು.

ಎಲ್ಲದಕ್ಕೂ ಮತ ಅಂದಾಗ

ಫ್ಲೋರಿಡಾದಲ್ಲಿ ಪ್ರತಿ ಸ್ಥಳೀಯ ಆಡಳಿತಕ್ಕೂ ಒಂದು ಸಮಗ್ರ ಯೋಜನೆ ಇರಲೇಬೇಕು. ಅದಕ್ಕೆ ಮಾಡುವ ಪ್ರತಿ ಬದಲಾವಣೆಯೂ ಮತಕ್ಕೆ ಹೋಗಬೇಕು ಎಂಬ ರಾಜ್ಯ ಸಂವಿಧಾನದ ತಿದ್ದುಪಡಿ 2010ರಲ್ಲಿ ಜನರ ಮುಂದೆ ಬಂತು. ಗೆಲ್ಲಲು ಶೇ 60 ಬೇಕಿತ್ತು. ಸಿಕ್ಕಿದ್ದು ಮೂರನೇ ಒಂದು ಭಾಗದಷ್ಟು ಮಾತ್ರ. ಸಣ್ಣಪುಟ್ಟ ತಾಂತ್ರಿಕ ತಿದ್ದುಪಡಿಗೂ ಚುನಾವಣೆ ನಡೆಸಬೇಕಾಗುತ್ತದೆ, ಕೆಲಸಕಾರ್ಯ ನಿಂತುಹೋಗುತ್ತದೆ ಎಂಬ ಪ್ರಚಾರ ಜೋರಾಗಿತ್ತು. ಸೇಂಟ್ ಪೀಟ್ ಬೀಚ್ ಎಂಬ ಕಡಲತೀರದ ಊರಿನ ಉದಾಹರಣೆಯೂ ಕಣ್ಣ ಮುಂದಿತ್ತು. 2006ರಲ್ಲೇ ಇಂಥ ನಿಯಮ ಮಾಡಿಕೊಂಡ ಆ ಊರು ವರ್ಷಗಟ್ಟಲೆ ಮೊಕದ್ದಮೆಗಳಲ್ಲಿ ಸಿಕ್ಕಿಕೊಂಡಿತ್ತು.

ಕ್ಯಾಲಿಫೋರ್ನಿಯಾದ ನಾಪಾ ಕೌಂಟಿಯ ಕಥೆ ಬೇರೆ. ದ್ರಾಕ್ಷಿ ತೋಟಗಳ ಆ ಸೀಮೆಯಲ್ಲಿ ಕೃಷಿ ಭೂಮಿಯನ್ನು ಬೇರೆ ಬಳಕೆಗೆ ಬದಲಿಸಬೇಕಾದರೆ ಮತದಾರರ ಒಪ್ಪಿಗೆ ಬೇಕು ಅಂತ 1990ರಲ್ಲಿ ಜನರೇ ನಿಯಮ ಮಾಡಿದರು. ಕೆಲವು ವಿನಾಯಿತಿಗಳನ್ನೂ ಇಟ್ಟರು. 2020ರವರೆಗೆ ಎಂದು ಗಡುವು ಹಾಕಿದ್ದರು. 2008ರಲ್ಲಿ ಅದನ್ನು 2058ರವರೆಗೆ ಮುಂದೂಡಿದರು. ಎಲ್ಲದಕ್ಕೂ ಮತ ಅನ್ನದೆ, ಒಂದು ಬಗೆಯ ಭೂಮಿಗೆ, ಒಂದು ಅವಧಿಗೆ ಅಂತ ಮಿತಿ ಹಾಕಿಕೊಂಡದ್ದು ನಾಪಾದ ವಿಶೇಷ. ನಾಳೆ ಇಲ್ಲಿ ಏನಾಗಬಹುದು ಅಂತ ರೈತನಿಗೂ ಕೊಳ್ಳುವವನಿಗೂ ಮೊದಲೇ ಗೊತ್ತಿರುತ್ತದೆ.

ಮತದಾನದ ಭಯ ಮಾಡುವ ಕೆಲಸ

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಡಲಂಚಿನ 134 ದುಬಾರಿ ಫ್ಲ್ಯಾಟ್‌ಗಳ ಯೋಜನೆಯೊಂದನ್ನು 2013ರಲ್ಲಿ ಮತದಾರರು ತಿರಸ್ಕರಿಸಿದರು. ಮರುವರ್ಷ, ಬಂದರಿನ ಕಡಲಂಚಿನ ಜಾಗದಲ್ಲಿ ಕಟ್ಟಡದ ಎತ್ತರದ ಮಿತಿ ಏರಿಸಬೇಕಾದರೆ ಮತದಾನ ಕಡ್ಡಾಯ ಅಂತ ನಿಯಮವೂ ಬಂತು. ಇನ್ನು ಅಲ್ಲಿ ಏನೂ ಕಟ್ಟಲಾಗದು ಅಂತ ಹಲವರು ಭಾವಿಸಿದ್ದರು. ಆದರೆ 2015ರಲ್ಲಿ ಮಿಷನ್ ರಾಕ್ ಎಂಬ ದೊಡ್ಡ ಯೋಜನೆಗೆ ಸುಮಾರು ಶೇ 74 ಮತ ಬಂತು. ಮತಕ್ಕೆ ಹೋಗುವ ಮೊದಲು ಅದರ ಎತ್ತರ ತಗ್ಗಿಸಿದ್ದರು, ಮನೆಗಳಲ್ಲಿ ಶೇ 40ರಷ್ಟನ್ನು ಕಡಿಮೆ ಮತ್ತು ಮಧ್ಯಮ ಆದಾಯದವರಿಗೆ ಮೀಸಲಿಡಲು ಒಪ್ಪಿದ್ದರು. ಮತದಾನ ಇದೆ ಎಂಬ ಅರಿವೇ ಕಟ್ಟುವವರನ್ನು ಮಾತುಕತೆಗೆ ಕೂರಿಸುತ್ತದೆ. ಇಂಥ ಚೌಕಾಸಿಗೆ, ಪ್ರಚಾರಕ್ಕೆ ತಗಲುವ ಖರ್ಚನ್ನು ದೊಡ್ಡ ಕಂಪನಿ ತಡೆದುಕೊಳ್ಳುತ್ತದೆ. ನಾಲ್ಕು ಮನೆ ಕಟ್ಟಲು ಹೊರಟ ಸಣ್ಣ ಮಾಲೀಕರಿಗೆ ಅದು ಆಗದ ಮಾತು.

ಯಾವ ಜನ?

ಸ್ವಿಟ್ಜರ್ಲೆಂಡಿನಲ್ಲಿ 2012ರಲ್ಲಿ ಇಡೀ ದೇಶ ಒಂದು ಪ್ರಶ್ನೆಗೆ ಮತ ಹಾಕಿತು. ಯಾವ ಊರಿನಲ್ಲೂ ಎರಡನೇ ಮನೆಗಳು, ಅಂದರೆ ರಜೆಗೆ ಮಾತ್ರ ಬಂದುಹೋಗುವವರ ಮನೆಗಳು, ಒಟ್ಟು ಮನೆಗಳ ಶೇ 20ನ್ನು ಮೀರಬಾರದು. ಶೇ 50.6 ಮತದಿಂದ ಅದು ಗೆದ್ದಿತು. ವಾಲೆಯಂಥ ಬೆಟ್ಟದ ಸೀಮೆಯವರು ದೊಡ್ಡ ಸಂಖ್ಯೆಯಲ್ಲಿ ಬೇಡ ಅಂದಿದ್ದರು. ಕಟ್ಟಡದ ಕೆಲಸ, ಜಮೀನಿನ ಬೆಲೆ ಎಲ್ಲ ಅವರದ್ದೇ ತಾನೇ. ಆದರೆ ಆಲ್ಪ್ಸ್ ಬೆಟ್ಟ ಇಡೀ ದೇಶದ್ದು ಎಂಬ ವಾದ ಕೂದಲೆಳೆಯಲ್ಲಿ ಮೇಲುಗೈ ಪಡೆಯಿತು.

ಮರುವರ್ಷ ಅದೇ ದೇಶ ಶೇ 62.9 ಮತದಿಂದ ಒಪ್ಪಿದ ಯೋಜನಾ ಕಾನೂನು ನನಗೆ ತುಂಬ ಮೆಚ್ಚುಗೆಯದು. ಅದರ ಪ್ರಕಾರ ಮುಂದಿನ 15 ವರ್ಷಕ್ಕೆ ಬೇಕಾಗುವಷ್ಟು ಜಾಗವನ್ನು ಮಾತ್ರ ಕಟ್ಟಡ ವಲಯವಾಗಿ ಇಟ್ಟುಕೊಳ್ಳಬಹುದು. ಹೊಸದಾಗಿ ಕಟ್ಟಡ ವಲಯಕ್ಕೆ ಸೇರಿದ ಜಮೀನಿನ ಬೆಲೆ ಏರಿದರೆ, ಆ ಏರಿಕೆಯಲ್ಲಿ ಕನಿಷ್ಠ ಶೇ 20 ಸಾರ್ವಜನಿಕ ಬೊಕ್ಕಸಕ್ಕೆ ಕಟ್ಟಬೇಕು. ವಲಯದಿಂದ ಹೊರಬಿದ್ದು ನಷ್ಟವಾದವರಿಗೆ ಕೊಡಬೇಕಾದ ಪರಿಹಾರಕ್ಕೆ ಆ ಹಣ ಬಳಸಬಹುದು. ಓರೆಗಾನ್ ಎಡವಿದ್ದು ಪರಿಹಾರಕ್ಕೆ ಹಣ ಎಲ್ಲಿಂದ ಎಂಬಲ್ಲಿ. ಇಲ್ಲಿ ಬಣ್ಣ ಬದಲಾದದ್ದರಿಂದ ಲಾಭ ಮಾಡಿಕೊಂಡವರ ಹಣವೇ ಅದಕ್ಕೆ ಒದಗುತ್ತದೆ.

ಭಾರತದಲ್ಲಿ ಪಟ್ಟಣದವರೆಲ್ಲ ಸೇರಿ ಭೂ ಬಳಕೆಗೆ ವೋಟು ಹಾಕುವ ಪದ್ಧತಿ ಇಲ್ಲ. ಆಸ್ತಿ ಹಕ್ಕು ಕೂಡ 1978ರ 44ನೇ ತಿದ್ದುಪಡಿಯ ನಂತರ ಮೂಲಭೂತ ಹಕ್ಕಾಗಿ ಉಳಿದಿಲ್ಲ. ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಎನ್ನುವ 300ಎ ವಿಧಿ ಅದನ್ನು ಕಾಯುತ್ತದೆ. ಆದರೆ ನೇರ ಒಪ್ಪಿಗೆ ಕೇಳುವ ಜಾಗಗಳು ಇವೆ. 2013ರ ಭೂಸ್ವಾಧೀನ ಕಾನೂನಿನ ಪ್ರಕಾರ ಖಾಸಗಿ ಕಂಪನಿಗಾಗಿ ಜಮೀನು ಪಡೆಯಬೇಕಾದರೆ ಅದನ್ನು ಕಳೆದುಕೊಳ್ಳುವ ಕುಟುಂಬಗಳಲ್ಲಿ ಶೇ 80 ಒಪ್ಪಬೇಕು, ಸರ್ಕಾರ-ಖಾಸಗಿ ಸಹಭಾಗಿತ್ವದ ಯೋಜನೆಗೆ ಶೇ 70. ಕೇಳುವುದು ಊರೆಲ್ಲರನ್ನಲ್ಲ, ಕಳೆದುಕೊಳ್ಳುವವರನ್ನು.

ಅದೇ ವರ್ಷ ಒಡಿಶಾದ ನಿಯಮಗಿರಿಯಲ್ಲಿ ನಡೆದದ್ದು ಇನ್ನೂ ಬೇರೆ. ಬಾಕ್ಸೈಟ್ ಗಣಿಗಾರಿಕೆಗೆ ಬೆಟ್ಟ ಬಿಟ್ಟುಕೊಡುವ ವಿಚಾರದಲ್ಲಿ ಗ್ರಾಮಸಭೆಗಳನ್ನು ಕೇಳಿ ಅಂತ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು. 2006ರ ಅರಣ್ಯ ಹಕ್ಕು ಕಾಯ್ದೆ ಇದಕ್ಕೆ ಆಧಾರ. ಹನ್ನೆರಡು ಗ್ರಾಮಸಭೆಗಳು ಸೇರಿದವು, ಹನ್ನೆರಡೂ ಬೇಡ ಅಂದವು. 2014ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಯೋಜನೆಗೆ ಅನುಮತಿ ನಿರಾಕರಿಸಿತು. ಅಲ್ಲಿನ ಆದಿವಾಸಿಗಳಾದ ಡೊಂಗ್ರಿಯಾ ಕೊಂಧರ ಹೆಸರಿನಲ್ಲಿ ಆ ಬೆಟ್ಟದ ಕ್ರಯಪತ್ರ ಇರಲಿಲ್ಲ. ತಲೆಮಾರುಗಳ ಬದುಕು, ಪೂಜೆ, ಕಾಡಿನ ಬಳಕೆ ಇತ್ತು. ಮತ ಹಾಕುವ ಹಕ್ಕಿಗೆ ಅದನ್ನೇ ಸಾಕಷ್ಟು ಕಾರಣ ಅಂತ ಒಪ್ಪಲಾಯಿತು.

ಮತಪಟ್ಟಿಯಲ್ಲಿ ಇಲ್ಲದವರು

ಇಂಥ ನಿಯಮದ ಪ್ರಸ್ತಾಪ ಮುಂದೆ ಬಂದಾಗ ಓದಬೇಕಾದದ್ದು ಸಣ್ಣ ಅಕ್ಷರಗಳನ್ನು. ಅರ್ಧಕ್ಕಿಂತ ಒಂದು ಮತ ಜಾಸ್ತಿ ಇದ್ದರೆ ಸಾಕೇ ಅಥವಾ ಶೇ 55, 60 ಬೇಕೇ? ಸಾರ್ವತ್ರಿಕ ಚುನಾವಣೆಯ ಜೊತೆಗೇ ಮತದಾನವೇ, ಕೆಲವೇ ಜನ ಬರುವ ವಿಶೇಷ ಚುನಾವಣೆಯೇ? ಖರ್ಚು ಯಾರದ್ದು? ಶಾಲೆ, ಆಸ್ಪತ್ರೆ, ಒಬ್ಬರ ಸ್ವಂತ ಮನೆಗೆ ವಿನಾಯಿತಿ ಇದೆಯೇ? ಬೇಡ ಅಂತ ತೀರ್ಮಾನವಾದರೆ ಮಾಲೀಕರು ಮತ್ತೆ ಎಷ್ಟು ದಿನಕ್ಕೆ ಅರ್ಜಿ ಹಾಕಬಹುದು?

ಇನ್ನೊಂದು ಪ್ರಶ್ನೆಗೆ ಉತ್ತರ ಸಣ್ಣ ಅಕ್ಷರದಲ್ಲೂ ಸಿಗುವುದಿಲ್ಲ. ಹೊಸ ಮನೆಗಳಲ್ಲಿ ಮುಂದೆ ವಾಸಿಸಲಿರುವವರು ಇಂದು ಆ ಊರಿನ ಮತದಾರರಲ್ಲ. ಸರ್ಕಾರದ ನೆರವಿನ ಕಡಿಮೆ ಬಾಡಿಗೆ ಮನೆಗಳನ್ನು ಕಟ್ಟಬೇಕಾದರೆ ಸ್ಥಳೀಯ ಮತದಾರರ ಒಪ್ಪಿಗೆ ಕಡ್ಡಾಯ ಅಂತ ಕ್ಯಾಲಿಫೋರ್ನಿಯಾ 1950ರಲ್ಲಿ ತನ್ನ ಸಂವಿಧಾನದಲ್ಲೇ ಬರೆದುಕೊಂಡಿತು. ದುಬಾರಿ ಮನೆಗಳಿಗೆ ಆ ಷರತ್ತು ಇರಲಿಲ್ಲ. ಬಡವರನ್ನು ಹೊರಗಿಡುವ ನಿಯಮ ಇದು ಎಂದು ಸಲ್ಲಿಸಿದ ದಾವೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1971ರಲ್ಲಿ ಕೋರ್ಟು ಐದು-ಮೂರರ ಬಹುಮತದಲ್ಲಿ ನಿಯಮವನ್ನು ಎತ್ತಿಹಿಡಿಯಿತು. ಊರಿನ ಖರ್ಚು ಮತ್ತು ಬೆಳವಣಿಗೆಯ ಬಗ್ಗೆ ಮಾತನಾಡುವ ಹಕ್ಕು ಆ ಊರಿನವರಿಗಿದೆ ಅಂತ ಬಹುಮತದ ನ್ಯಾಯಮೂರ್ತಿಗಳು ಹೇಳಿದರು. ಬಡವರ ಮನೆಗೆ ಮಾತ್ರ ಯಾಕೆ ಈ ಅಡ್ಡಗೋಡೆ ಎಂದು ಉಳಿದ ಮೂವರು ಕೇಳಿದರು.